ಪದಚರ್ಚೆ: ‘ಟುಟು’ ಅಂದರೆ ಲಂಗವೇ?

ಪ್ರಶ್ನೆ: ಪ್ಯಾರಿಸ್ ಒಪೇರಾ ರಂಗಮಂದಿರದ ಬ್ಯಾಲೆ ನೃತ್ಯದ ಉಡುಪುಗಳ ಬಗೆಗಿನ ಫ್ರೆಂಚ್ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಟುಟು’, ‘ಟುಟು ಪ್ಲಾಟೋ’, ‘ಅಟೆಲಿಯೆ ಫ್ಲೂ’ ಇವನ್ನು ‘ಬ್ಯಾಲೆ ಲಂಗ’, ‘ಚಪ್ಪಟೆ ಲಂಗ’, ‘ಮಸುಕು ಕಾರ್ಯಾಗಾರ’ ಎಂದರೆ ನಡೆಯುತ್ತದೆಯೇ?

ಉತ್ತರ: ಮೊದಲೆರಡು ಅರೆಬರೆ ಸರಿ. ಮೂರನೆಯದು ತಪ್ಪು.

ಲಂಗ ನಡುವಿನಿಂದ ಇಳಿಬೀಳುತ್ತದೆ, ಲಾಡಿ ಬಿಚ್ಚಿದರೆ ಬೇರೆಯಾಗುತ್ತದೆ. ಟುಟುವಿನ ಕಟ್ಟೇ ಬೇರೆ: ಮೇಲೆ ಮೈಗಂಟಿದ ಕುಪ್ಪಸ, ನಡುವಿನ ಕೆಳಗೆ ಬಿಗಿಯಾದ ಪಟ್ಟಿ (ಫ್ರೆಂಚರ ‘ಬಾಸ್ಕ್’), ಅದಕ್ಕೆ ಜೋಡಿಸಿದ ಚಡ್ಡಿ. ನೆಟ್ ಬಟ್ಟೆಯ ನೆರಿಗೆಗಳನ್ನು ಹೊಲಿಯುವುದು ಈ ಚಡ್ಡಿಗೇ, ಸಾಮಾನ್ಯವಾಗಿ 10ರಿಂದ 13 ಸಾಲು. ತೊಡೆಯ ಬಳಿಯ ಸಾಲು ಎಲ್ಲಕ್ಕಿಂತ ಗಿಡ್ಡ, ಮೇಲಿನದು ಎಲ್ಲಕ್ಕಿಂತ ಅಗಲ. ಕೆಳಗಿನವು ಒತ್ತುಕೊಡುವುದರಿಂದಲೇ ಮೇಲಿನದು ಅಡ್ಡಕ್ಕೆ ನಿಲ್ಲುತ್ತದೆ. ಒಂದು ಸಾಲಿನೊಳಗೆ ಉಕ್ಕಿನ ತೆಳು ಬಳೆ ತೂರಿಸುವುದೂ ಉಂಟು. ಸಾಲುಗಳನ್ನು ಒಂದಕ್ಕೊಂದು ಹಿಡಿಸುವ ಕೈಹೊಲಿಗೆ ಸಡಿಲವಾಗಿರಬೇಕು. ದಾರ ಬಿಗಿದರೆ ಮೇಲ್ಮೈಯಲ್ಲಿ ಗುಳಿ ಬೀಳುತ್ತದೆ, ನರ್ತಕಿ ನೆಗೆದಾಗ ನೆರಿಗೆ ಪುಟಿಯುವುದಿಲ್ಲ. ಇಷ್ಟನ್ನೂ ‘ಲಂಗ’ ಹೊರಲಾರದು, ‘ಟುಟು’ ಎಂದೇ ಉಳಿಸಿ.

‘ಪ್ಲಾಟೋ’ ಅಂದರೆ ಹರಿವಾಣ. ‘ಚಪ್ಪಟೆ’ ಅಂದರೆ ಮೈಗಂಟಿ ಮಲಗಿದ ಬಟ್ಟೆ ಕಣ್ಣಿಗೆ ಬರುತ್ತದೆ. ಇದು ಸೊಂಟದ ಸುತ್ತ ಚಾಚಿ ನಿಲ್ಲುವಂಥದ್ದು. ‘ಹರಿವಾಣ ಟುಟು’ ನನಗೆ ತುಂಬ ಹಿಡಿಸುತ್ತದೆ. ಮೊಣಕಾಲ ಕೆಳಗೆ ಬರುವ, ಗಂಟೆಯಾಕಾರದ ‘ರೊಮ್ಯಾಂಟಿಕ್’ ಶೈಲಿಯ ಟುಟುವಿಗೆ ‘ನೀಳ ಟುಟು’ ಸಾಕು. ಅದು ಹೆಸರಾದದ್ದು 1832ರಲ್ಲಿ, ಪ್ಯಾರಿಸ್ ಒಪೇರಾದ ‘ಲಾ ಸಿಲ್ಫೀಡ್’ ಬ್ಯಾಲೆಯಲ್ಲಿ ನರ್ತಕಿ ಮಾರಿ ತಾಲಿಯೋನಿ ತೊಟ್ಟ ಬಿಳಿ ಮಸ್ಲಿನ್ ಉಡುಪಿನಿಂದ. ಒಂದು ಎಚ್ಚರ: ‘ಟುಟು’ ಪದ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. 1832ರ ಪಾತ್ರದ ಬಾಯಲ್ಲಿ ಅದನ್ನು ಹಾಕಬೇಡಿ. ಕುಂಡಿಗೆ ಫ್ರೆಂಚ್ ಮಕ್ಕಳು ಹೇಳುವ ‘ಕುಕು’ವೇ ‘ಟುಟು’ ಆಯಿತೆಂಬುದು ನಿಘಂಟುಗಳ ವಿವರಣೆ. ಚಡ್ಡಿಯೇ ಈ ಉಡುಪಿನ ಬುಡ ಎಂಬುದಕ್ಕೆ ಇದೂ ಹೊಂದುತ್ತದೆ.

‘ಫ್ಲೂ’ಗೆ ಚಿತ್ರದ ವಿಷಯದಲ್ಲಿ ‘ಮಸುಕು’ ಸರಿ. ಹೊಲಿಗೆಯವರಲ್ಲಿ ಅದು ಮೆತ್ತಗೆ ಇಳಿಬೀಳುವ ಬಟ್ಟೆಯ ಕೆಲಸ. ಕೋಟಿನಂತೆ ಆಕಾರ ನಿಲ್ಲಿಸಿ ಹೊಲಿಯುವ ‘ತಾಯರ್’ ಅದರ ಜೋಡಿ ಪದ. ರಂಗದ ಹೊಲಿಗೆಮನೆಗಳಲ್ಲಿ ಹೆಂಗಸರ ಉಡುಪು ಸಾಮಾನ್ಯವಾಗಿ ಫ್ಲೂ ವಿಭಾಗಕ್ಕೆ, ಗಂಡಸರದು ತಾಯರ್ ವಿಭಾಗಕ್ಕೆ ಹೋಗುತ್ತದೆ. ‘ಮೆದುಬಟ್ಟೆ ವಿಭಾಗ’ ಎಂದು ಬರೆದು, ಮೊದಲ ಸಲ ‘ಫ್ಲೂ’ ಪದವನ್ನೂ ಪಕ್ಕದಲ್ಲಿ ಕೊಡಿ.