ಗೊಬ್ಬರಕ್ಕೂ ಸಬ್ಸಿಡಿ, ಕರೆಂಟೂ ಫ್ರೀ, ಆದ್ರೂ ರೈತನ ಕೈಲಿ ಯಾಕೆ ದುಡ್ಡು ಉಳಿಯಲ್ಲ?

ಪ್ರಶ್ನೆ: ನಮಸ್ತೆ ಮೇಡಂ. ನಾನು ವೈಟ್‌ಫೀಲ್ಡಲ್ಲಿ ಕೆಲಸ ಮಾಡ್ತೀನಿ, ಊರು ಚಿಂತಾಮಣಿ ಹತ್ರ. ಆಫೀಸಲ್ಲಿ ಊಟದ ಟೈಮಲ್ಲಿ ಯಾವಾಗ್ಲೂ ಒಂದೇ ಮಾತು, ನಮ್ ಟ್ಯಾಕ್ಸ್ ದುಡ್ಡೆಲ್ಲ ರೈತರ ಸಬ್ಸಿಡಿಗೆ ಹೋಗ್ತಿದೆ ಅಂತ. ನಮ್ಮಪ್ಪ ನೋಡಿದ್ರೆ ಇನ್ನೂ ಸೊಸೈಟಿ ಸಾಲ ತೀರಿಸ್ತಾನೇ ಇದಾರೆ. ಹಾಗಾದ್ರೆ ಆ ದುಡ್ಡು ಹೋಗ್ತಿರೋದು ಎಲ್ಲಿಗೆ?

ಉತ್ತರ (ಕೃಷಿ ಅರ್ಥಶಾಸ್ತ್ರ ಪಾಠ ಮಾಡ್ತೀನಿ): ನಿಮ್ ಆಫೀಸಿನವರು ಅರ್ಧ ಲೆಕ್ಕ ಮಾತ್ರ ನೋಡ್ತಿದಾರೆ. ಸರ್ಕಾರ ಕೊಡೋದು ಬಜೆಟ್ಟಲ್ಲಿ ಬರುತ್ತೆ, ರೈತನಿಗೆ ಸಿಗಬೇಕಾದ ಬೆಲೆ ತಡೆದು ಕಿತ್ಕೊಳ್ಳೋದು ಯಾವ ಬಜೆಟ್ಟಲ್ಲೂ ಬರಲ್ಲ.

ಮೊದ್ಲು ಕೊಡೋದು. 45 ಕೆಜಿ ಯೂರಿಯಾ ಚೀಲ ರೈತನಿಗೆ ಸುಮಾರು 266 ರೂಪಾಯಿ, ತಯಾರಿಸೋಕೆ ಅದರ ಎಷ್ಟೋ ಪಟ್ಟು ಖರ್ಚಿದೆ, ಉಳಿದಿದ್ದನ್ನ ಸರ್ಕಾರ ಕಂಪನಿಗೆ ಕಟ್ಟುತ್ತೆ. ಅಂಗಡೀಲಿ ನಿಮ್ಮಪ್ಪ ಆಧಾರ್ ಕೊಟ್ಟು ಮಷೀನಿಗೆ ಹೆಬ್ಬೆಟ್ಟು ಒತ್ತಿದ ಮೇಲೆ ಆ ದುಡ್ಡು ಹೋಗೋದು ಕಂಪನಿ ಖಾತೆಗೆ. ಯುಕ್ರೇನ್ ಯುದ್ಧ ಆಗಿ ಯೂರಿಯಾ ಮಾಡೋಕೆ ಬೇಕಾದ ಗ್ಯಾಸ್ ರೇಟ್ ಏರಿದಾಗ, 2022-23ರಲ್ಲಿ ಗೊಬ್ಬರದ ಸಬ್ಸಿಡಿ ಸುಮಾರು ಎರಡೂವರೆ ಲಕ್ಷ ಕೋಟಿ ಮುಟ್ತು, ಆದ್ರೆ ರೈತ ಕೊಡೋ ಯೂರಿಯಾ ರೇಟ್ ಅಷ್ಟೇ ಇತ್ತು. 2010ರಲ್ಲಿ ಬೇರೆ ಗೊಬ್ಬರಗಳಿಗೆ ಪೋಷಕಾಂಶದ ಲೆಕ್ಕದಲ್ಲಿ ಸಬ್ಸಿಡಿ ಅಂತ ಮಾಡಿದ್ರು, ಯೂರಿಯಾ ಮಾತ್ರ ಮುಟ್ಟಲಿಲ್ಲ, ಯಾಕಂದ್ರೆ ಅದರ ರೇಟ್ ಏರಿಸಿ ಓಟ್ ಕೇಳೋಕೆ ಯಾವ ಪಕ್ಷಕ್ಕೂ ಧೈರ್ಯ ಇಲ್ಲ. ಅಗ್ಗ ಅಂತ ಜನ ಯೂರಿಯಾನೇ ಸುರಿದ್ರು, ಹಾಳಾಗಿದ್ದು ಮಣ್ಣು.

ಕರೆಂಟೂ ಹಾಗೇ. 10 ಎಚ್‌ಪಿ ವರೆಗಿನ ಪಂಪ್‌ಸೆಟ್ಟಿಗೆ ನಮ್ ರಾಜ್ಯದಲ್ಲಿ ಬಿಲ್ ಇಲ್ಲ. ಆದ್ರೆ ಅದು ಬೋರ್‌ವೆಲ್ ಇದ್ದೋರಿಗೆ ತಾನೆ? ಮಳೆ ನಂಬ್ಕೊಂಡು ರಾಗಿ ಹಾಕಿರೋನಿಗೆ ಏನೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಸಾವಿರ ಅಡಿ ದಾಟಿ ಕೊರೆಸಿದೋರು ಇದಾರೆ, ಆ ಬೋರ್ ಸಾಲದ ಮುಂದೆ ಫ್ರೀ ಕರೆಂಟ್ ಯಾವ ಲೆಕ್ಕ. ಸಬ್ಸಿಡಿ ಅನ್ನೋದು ನೀರಿರೋ ಕಡೆಗೇ ಹರಿಯುತ್ತೆ.

ಇನ್ನು ಕಿತ್ಕೊಳ್ಳೋದು. ನಿಮ್ ಕಡೆ ಬೆಳೆಯೋ ಬೆಂಗಳೂರು ರೋಸ್ ಈರುಳ್ಳಿ ತಗೊಳ್ಳಿ. ಚಿಕ್ಕ ಗಡ್ಡೆ, ಘಾಟು ಜಾಸ್ತಿ, ಇಲ್ಲಿ ಅಷ್ಟಾಗಿ ತಿನ್ನಲ್ಲ, ಮಲೇಷ್ಯಾ ಸಿಂಗಾಪುರಕ್ಕೆ ಹೋಗುತ್ತೆ, 2015ರಲ್ಲಿ ಈ ಭಾಗದ ವಿಶೇಷ ಬೆಳೆ ಅಂತ ಜಿಐ ಟ್ಯಾಗ್ ಕೂಡ ಸಿಕ್ತು. 2023ರ ಆಗಸ್ಟಲ್ಲಿ ಊಟದ ಈರುಳ್ಳಿ ಬೆಲೆ ಏರ್ತಿದೆ ಅಂತ ರಫ್ತಿನ ಮೇಲೆ 40% ಸುಂಕ ಹಾಕಿದ್ರು, ಅದರಲ್ಲಿ ಇದೂ ಸಿಕ್ಕಾಕೊಳ್ತು. ಇಲ್ಲಿ ತಿನ್ನದೇ ಇರೋ ಈರುಳ್ಳಿ ತಡೆದು ಬೆಂಗಳೂರಲ್ಲಿ ಯಾರ ಮನೆ ಸಾಂಬಾರ್ ಅಗ್ಗ ಆಗುತ್ತೆ ಹೇಳಿ? ರೈತರು ಗಲಾಟೆ ಮಾಡಿದ ಮೇಲೆ ಸೆಪ್ಟೆಂಬರ್ ಕೊನೇಲಿ ತೋಟಗಾರಿಕೆ ಇಲಾಖೆ ಸರ್ಟಿಫಿಕೇಟ್ ಇದ್ರೆ ಸುಂಕ ಇಲ್ಲ ಅಂದ್ರು. ಡಿಸೆಂಬರಲ್ಲಿ ಈರುಳ್ಳಿ ರಫ್ತೇ ಬಂದ್, ತೆಗೆದಿದ್ದು 2024ರ ಮೇನಲ್ಲಿ. ಬೆಲೆ ಬಿದ್ದಾಗ ರೈತ ಒಬ್ಬನೇ ನಷ್ಟ ಹೊರಬೇಕು, ಏರಿದಾಗ ಮಾತ್ರ ಬಾಗಿಲು ಹಾಕ್ತಾರೆ. ಇದು ಅನ್ಯಾಯ, ಬೇರೆ ಮಾತಿಲ್ಲ ನನ್ ಹತ್ರ. ಒಇಸಿಡಿ ಅಂತ ಶ್ರೀಮಂತ ದೇಶಗಳ ಒಂದು ಸಂಘಟನೆ ಇದೆ, ಅವರು ಎರಡೂ ಕಡೆ ಕೂಡಿ ಕಳೆದು ನೋಡಿದಾಗ ಎಷ್ಟೋ ವರ್ಷ ಭಾರತದ ರೈತನಿಗೆ ಸಿಗೋ ಒಟ್ಟು ಬೆಂಬಲ ಮೈನಸ್ಸಲ್ಲೇ ಬಂದಿದೆ.

ಇನ್ನೊಬ್ಬರು: ಜಪಾನ್ ಅಮೆರಿಕದಲ್ಲಿ ರೈತರು ಕಮ್ಮಿ, ಆದ್ರೂ ಅಲ್ಲಿ ಸರ್ಕಾರ ಹೆದರುತ್ತೆ. ನಮ್ಮಲ್ಲಿ ಇಷ್ಟೊಂದು ಓಟಿದ್ದೂ ಯಾಕೆ ಹೀಗೆ?

ಉತ್ತರ: ಕಮ್ಮಿ ಇರೋದ್ರಿಂದಲೇ. ಅಷ್ಟು ಜನಕ್ಕೆ ಕೊಟ್ರೆ ಒಬ್ಬೊಬ್ಬ ಗ್ರಾಹಕನಿಗೆ ಬೀಳೋ ಹೊರೆ ಸ್ವಲ್ಪ, ಮನೆ ಖರ್ಚಲ್ಲಿ ಊಟದ ಪಾಲೂ ಸಣ್ಣದು, ಸಂಘಟನೆ ಮಾಡೋದೂ ಸುಲಭ. ಜಪಾನ್ ಕೋಟಾ ಮೀರಿ ಬರೋ ಅಕ್ಕಿಗೆ ಕೆಜಿಗೆ 341 ಯೆನ್ ಸುಂಕ ಇಟ್ಟಿದೆ. ನಮ್ಮಲ್ಲಿ ಊಟದ ಬೆಲೆ ಏರಿದ್ರೆ ಬಡವರ ಮನೆ ಅಲ್ಲಾಡುತ್ತೆ, ರೈತರಲ್ಲೇ ಎಷ್ಟೋ ಜನ ಅಕ್ಕಿ ಬೇಳೆ ಕೊಂಡು ತಿನ್ನೋರು. ರೈತರೆಲ್ಲ ಒಂದೇ ಅಂದ್ಕೊಳ್ಳೋದೂ ತಪ್ಪು. ರೇಷ್ಮೆ ನೋಡಿ, 2011ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕ 30%ರಿಂದ 5%ಗೆ ಇಳಿಸಿದಾಗ ರಾಮನಗರ ಮಾರ್ಕೆಟ್ಟಿಗೆ ಗೂಡು ತರೋ ರೈತರು ಬೀದಿಗೆ ಬಂದ್ರು, ನೇಕಾರರಿಗೆ ಚೀನಾ ನೂಲು ಅಗ್ಗ ಆಯ್ತು. 2013ರಲ್ಲಿ 15%ಗೆ ಏರಿಸಿದ್ರು. ಇಬ್ಬರೂ ಕಷ್ಟದಲ್ಲಿರೋರೇ. ಆದ್ರೂ ನಾನು ಗೂಡಿನ ರೈತನ ಪರ, ನೇಕಾರನಿಗೆ ನೇರವಾಗಿ ಸಹಾಯ ಮಾಡೋಕೆ ಬೇರೆ ದಾರಿ ಇದೆ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಸಬ್ಸಿಡಿ ತೆಗೆದು ದುಡ್ಡೇ ಕೊಟ್ರೆ ಆಗಲ್ವಾ ಮೇಡಂ? ನಮ್ಮಪ್ಪ ಸ್ವಂತದ್ದು ಸ್ವಲ್ಪ, ಪಕ್ಕದೋರ ಜಮೀನು ವಾರಕ್ಕೆ, ಅಂದ್ರೆ ಬೆಳೇಲಿ ಪಾಲು ಕೊಡೋ ಮಾತಿಗೆ, ಮಾಡ್ತಾರೆ.

ಉತ್ತರ: ತೊಡಕಿರೋದೇ ಅಲ್ಲಿ. ಪಿಎಂ ಕಿಸಾನ್ ವರ್ಷಕ್ಕೆ 6000 ಬರೋದು ಜಮೀನು ಯಾರ ಹೆಸರಲ್ಲಿದೆ ನೋಡಿ, ಉಳೋರನ್ನ ನೋಡಿ ಅಲ್ಲ. ನಮ್ ರಾಜ್ಯದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಆದ್ಮೇಲೆ ಗೇಣಿಗೆ ಕೊಡೋದಕ್ಕೇ ನಿಷೇಧ ಬಂತು, ಹಾಗಾಗಿ ವಾರದ ಮಾತೆಲ್ಲ ಬಾಯಲ್ಲೇ, ಕಾಗದ ಇಲ್ಲ. ಯೂರಿಯಾ ಸಬ್ಸಿಡಿ ತೆಗೆದು ಪಹಣಿ ನೋಡಿ ದುಡ್ಡು ಹಾಕಿದ್ರೆ ಪಕ್ಕದೋರಿಗೆ ದುಡ್ಡು, ನಿಮ್ಮಪ್ಪನಿಗೆ ದುಬಾರಿ ಗೊಬ್ಬರ. ವಾರಕ್ಕೆ ಮಾಡೋರನ್ನ ಲೆಕ್ಕಕ್ಕೆ ತಗೊಳ್ಳೋವರೆಗೂ ನಾನು ಅದಕ್ಕೆ ಒಪ್ಪಲ್ಲ. ಸದ್ಯಕ್ಕೆ ಸ್ವಂತ ಜಮೀನಿಗೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ಮಾಡಿಸಿದೀರಾ ನೋಡಿ, ರಾಗಿ ಹಾಕಿದ್ರೆ ಬೆಳೆ ಸಮೀಕ್ಷೆಲಿ ರಾಗಿ ಅಂತ ಸರಿಯಾಗಿ ಏರಿದೆಯಾ ಅಂತಾನೂ ನೋಡಿ. ಅದಿಲ್ದೆ ಬೆಂಬಲ ಬೆಲೆ ಕೇಂದ್ರದಲ್ಲಿ ರಾಗಿ ತಗೊಳ್ಳಲ್ಲ.