ಹಳ್ಳಿಯಲ್ಲಿ ತಂಗುವ ಘಾಟಿ ಬಸ್ಸು, ಮತ್ತೆ ಮತ್ತೆ ಬರುವ ಬ್ರೇಕ್ ದೂರು: ತಪಾಸಣೆಯನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಪ್ರಶ್ನೆ: ಹೊಸ ಚಾರ್ಜ್‌ಮನ್, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಬಯಲುಸೀಮೆಯ ಬಸ್ ಘಟಕವೊಂದರಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ, ಈ ಏಪ್ರಿಲ್‌ನಲ್ಲಿ ಮಲೆನಾಡಿನ ಸಣ್ಣ ಘಟಕಕ್ಕೆ ಚಾರ್ಜ್‌ಮನ್ ಆಗಿ ವರ್ಗವಾಗಿ ಬಂದಿದ್ದೇನೆ. ಘಟಕದ ಹೆಸರು ಇಲ್ಲಿ ಬೇಡ. ರಾತ್ರಿ ಪಾಳಿಯ ನಿರ್ವಹಣೆ ನನ್ನ ಹೊಣೆ. ಆರು ಮಂದಿ ಮೆಕ್ಯಾನಿಕರು, ಬಸ್ಸಿನ ಅಡಿಗೆ ಇಳಿದು ಕೆಲಸ ಮಾಡಲು ಒಂದೇ ಪಿಟ್ಟು (ಗುಂಡಿ), ಮಳೆ ಜೋರಾದರೆ ಆ ಪಿಟ್ಟಿನೊಳಗೂ ನೀರು.

ಹಿಂದಿನ ಘಟಕದಲ್ಲಿ ಬಹುತೇಕ ಎಲ್ಲ ಬಸ್ಸುಗಳೂ ರಾತ್ರಿ ಒಳಗೆ ಬರುತ್ತಿದ್ದವು. ಡೀಸೆಲ್ ತುಂಬಿಸಿ, ತೊಳೆದು, ಚಾಲಕರು ಲಾಗ್‌ಶೀಟಿನಲ್ಲಿ ಬರೆದ ದೂರುಗಳನ್ನು ನೋಡಿ ಬೆಳಗಾಗುವುದರೊಳಗೆ ಸರಿಪಡಿಸಿ ಕಳಿಸುವುದು ಅಲ್ಲಿನ ಕ್ರಮವಾಗಿತ್ತು. ಇಲ್ಲಿ ಅರ್ಧಕ್ಕರ್ಧ ಬಸ್ಸುಗಳು ನೈಟ್ ಹಾಲ್ಟಿನವು. ಕೊನೆಯ ಟ್ರಿಪ್ ಮುಗಿಸಿ ಯಾವುದೋ ಊರಿನ ಅರಳಿಕಟ್ಟೆಯ ಪಕ್ಕದಲ್ಲಿ ತಂಗಿ, ಬೆಳಿಗ್ಗೆ ಆರಕ್ಕೆ ಅಲ್ಲಿಂದಲೇ ಹೊರಡುತ್ತವೆ. ನನ್ನ ಕೈಗೆ ಅವು ಸಿಗುವುದು ದಿನ ಬಿಟ್ಟು ದಿನ. ಕೆಲವು ಮೂರು ದಿನಕ್ಕೊಮ್ಮೆ. ಅವುಗಳಲ್ಲಿ ನಾಲ್ಕು ಬಸ್ಸುಗಳು ಹುಲಿಕಲ್ ಘಾಟಿ ಇಳಿದು ಹತ್ತುವಂಥವು.

ಈಗ ವಿಷಯಕ್ಕೆ ಬರುತ್ತೇನೆ. ಈ ನಾಲ್ಕರಲ್ಲಿ ಒಂದು ಹಳೆಯ ಬಸ್ಸಿನ ಮೇಲೆ ಹನ್ನೆರಡು ದಿನಗಳಲ್ಲಿ ಮೂರು ಬಾರಿ ದೂರು ಬಂದಿದೆ. ಮೊದಲನೆಯದು ‘ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತದೆ’, ಎರಡನೆಯದು ‘ಬ್ರೇಕ್ ಸಾಲದು’, ಮೂರನೆಯದೂ ‘ಬ್ರೇಕ್ ಸಾಲದು’. ಮೂರು ದೂರುಗಳ ಎದುರಿಗೂ ‘ಬ್ರೇಕ್ ಹೊಂದಿಸಲಾಗಿದೆ’ ಎಂದು ಬರೆದು ಸಹಿ ಮಾಡಲಾಗಿದೆ. ಕೊನೆಯ ಸಹಿ ನನ್ನದೇ. ಘಟಕದ ಆವರಣದಲ್ಲಿ ಓಡಿಸಿ ನೋಡಿದರೆ ಬಸ್ಸು ಚೆನ್ನಾಗಿಯೇ ನಿಲ್ಲುತ್ತದೆ. ಡಾಕಿಂಗ್‌ಗೆ (ಇಷ್ಟು ಕಿಲೋಮೀಟರಿಗೊಮ್ಮೆ ಬಸ್ಸನ್ನು ಬಿಚ್ಚಿ ನೋಡುವ ದೊಡ್ಡ ತಪಾಸಣೆಗೆ) ಇನ್ನೂ ಸಾಕಷ್ಟು ಕಿಲೋಮೀಟರ್ ಬಾಕಿ ಇದೆ. ಬದಲಿ ಬಸ್ಸಿಲ್ಲದ ಕಾರಣ ಇದನ್ನು ನಿಲ್ಲಿಸಿದರೆ ಒಂದು ಷೆಡ್ಯೂಲ್ ರದ್ದಾಗುತ್ತದೆ, ಮರುದಿನ ಮೇಲಿನವರಿಂದ ಫೋನ್ ಬರುತ್ತದೆ.

ಎರಡು ಪ್ರಶ್ನೆಗಳು. ಘಟಕಕ್ಕೆ ಬಾರದ ಬಸ್ಸಿನ ದಿನನಿತ್ಯದ ತಪಾಸಣೆಯನ್ನು ಅನುಭವಿಗಳು ಹೇಗೆ ನಡೆಸುತ್ತೀರಿ? ಈ ಬಸ್ಸಿನ ವಿಷಯದಲ್ಲಿ ನಾನು ಕಾಣದೆ ಬಿಟ್ಟಿರುವುದೇನು?

ಉತ್ತರ 1: ನಿವೃತ್ತ ಹೆಡ್ ಮೆಕ್ಯಾನಿಕ್, ತೀರ್ಥಹಳ್ಳಿ

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ನಾಳೆಯ ಬೆಳಗಿನ ಮಾತು. ನೀವು ಮೂರು ದೂರುಗಳನ್ನು ಬಿಡಿಬಿಡಿಯಾಗಿ ಓದಿದ್ದೀರಿ. ಒಂದರ ಕೆಳಗೆ ಒಂದನ್ನು ಇಟ್ಟು ಓದಿ ನೋಡಿ. ಮೊದಲು ಎಡಕ್ಕೆ ಎಳೆತ, ಹೊಂದಿಸಿದ ಮೇಲೆ ಎಳೆತ ಹೋಗಿದೆ, ಆದರೆ ಬ್ರೇಕೇ ಸಾಲದಾಗಿದೆ. ಹಾಗಾದರೆ ಆ ಮೊದಲ ರಾತ್ರಿ ‘ಹೊಂದಿಸಿದ್ದು’ ಏನನ್ನು?

ಬಸ್ಸು ಎಡಕ್ಕೆ ಎಳೆದರೆ ತಪ್ಪು ಎಡಗಡೆಯದೆಂದು ಹೊಸ ಹುಡುಗರು ತಿಳಿಯುತ್ತಾರೆ. ಚೆನ್ನಾಗಿ ಹಿಡಿಯುವ ಚಕ್ರದ ಕಡೆಗೆ ಬಸ್ಸು ವಾಲುತ್ತದೆ. ಎಡಕ್ಕೆ ಎಳೆಯುತ್ತಿದೆ ಎಂದರೆ ಬಹುಮಟ್ಟಿಗೆ ಬಲಗಡೆಯ ಮುಂಚಕ್ರ ಹಿಡಿಯುತ್ತಿಲ್ಲ. ಹಳೆಯ ಬಸ್ಸು ಎಂದಿದ್ದೀರಿ, ಆದ್ದರಿಂದ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಬಿಗಿ ಸಡಿಲ ಹೊಂದಿಸುವ ತೋಳು) ಕೈಯಿಂದ ತಿರುಗಿಸಿ ಹೊಂದಿಸುವಂಥದ್ದೇ ಇರಬೇಕು. ಯಾರೋ ಒಬ್ಬರು ಎಡಗಡೆಯದನ್ನು ಎರಡು ಸುತ್ತು ಸಡಿಲಿಸಿ ಎರಡೂ ಕಡೆಯನ್ನು ಸಮ ಮಾಡಿದ್ದಾರೆ ಎಂಬುದು ನನ್ನ ಊಹೆ. ಎಳೆತ ನಿಂತಿತು, ದೂರು ಮುಗಿಯಿತು. ಬಸ್ಸಿಗೆ ಇದ್ದ ಒಂದು ಒಳ್ಳೆಯ ಬ್ರೇಕೂ ಹೋಯಿತು. ಸಪಾಟಾದ ಆವರಣದಲ್ಲಿ, ಖಾಲಿ ಬಸ್ಸಿನಲ್ಲಿ, ತಣ್ಣಗಿರುವ ಡ್ರಮ್ಮಿನಲ್ಲಿ (ಚಕ್ರದೊಡನೆ ತಿರುಗುವ ಬ್ರೇಕಿನ ಲೋಹದ ಬಳೆ) ಇದು ಗೊತ್ತಾಗುವುದಿಲ್ಲ. ಜನ ತುಂಬಿಕೊಂಡು ಘಾಟಿ ಇಳಿಯುವಾಗ ಡ್ರಮ್ ಕಾಯ್ದು ಹಿಗ್ಗುತ್ತದೆ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರ್‌ಗೂ ಅದಕ್ಕೂ ನಡುವಿನ ಅಂತರ ಇನ್ನಷ್ಟು ಹೆಚ್ಚುತ್ತದೆ, ಆಗ ಪೆಡಲ್ ಒತ್ತಿದರೂ ಚೇಂಬರಿನ (ಗಾಳಿಯ ಒತ್ತಡದಿಂದ ಬ್ರೇಕ್ ಹಾಕಿಸುವ ಡಬ್ಬಿಯ) ರಾಡು ತನ್ನ ಓಟವನ್ನೆಲ್ಲ ಮುಗಿಸಿ ಸುಮ್ಮನೆ ನಿಲ್ಲುತ್ತದೆ.

ಬಲಗಡೆಯ ಮುಂದಿನ ಡ್ರಮ್ ಬಿಚ್ಚಿಸಿ. ಹಬ್ಬಿನ (ಚಕ್ರದ ನಡುಭಾಗದ) ಸೀಲ್ ಹೋಗಿ ಲೈನರ್‌ಗೆ ಗ್ರೀಸ್ ಕುಡಿಸಿರಬಹುದು. ಹಾಗಿದ್ದರೆ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕಲು ಬಿಡಬೇಡಿ. ಮೇಲೆ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಗ್ರೀಸ್ ಮತ್ತೆ ಮೇಲಕ್ಕೆ ಬರುತ್ತದೆ. ಲೈನರ್ ಬದಲಾಯಿಸುವುದಾದರೆ ಎರಡೂ ಕಡೆ ಬದಲಾಯಿಸಬೇಕು. ಅದೇ ಹೊತ್ತಿನಲ್ಲಿ, ಲೈನರನ್ನು ಡ್ರಮ್ಮಿಗೆ ಒತ್ತಿಸುವ ಕ್ಯಾಮ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ಬುಷ್ ಸವೆದಿದೆಯೇ ಎಂದು ನೋಡಿಬಿಡಿ. ಹೊಸ ಬಸ್ಸುಗಳಲ್ಲಿ ತಾನೇ ಹೊಂದಿಕೊಳ್ಳುವ ಅಡ್ಜಸ್ಟರ್ ಇರುತ್ತದೆ. ಅಂಥದ್ದರಲ್ಲಿ ರಾಡಿನ ಓಟ ಹೆಚ್ಚಾಗಿದ್ದರೆ ಸ್ಪ್ಯಾನರ್ ಹಾಕಿ ಬಿಗಿ ಮಾಡುವುದು ರಿಪೇರಿಯಲ್ಲ, ರೋಗವನ್ನು ಮುಚ್ಚಿಡುವುದು. ಅದು ಯಾಕೆ ತಾನೇ ಹೊಂದಿಕೊಳ್ಳಲಿಲ್ಲ ಎಂದು ಕೇಳಬೇಕು.

ಇನ್ನು ‘ಹೊಂದಿಸಲಾಗಿದೆ’ ಎಂಬ ಪದ. ನಾನು ಪಾಳಿ ನೋಡುತ್ತಿದ್ದಾಗ ಆ ಪದವನ್ನೇ ನಿಲ್ಲಿಸಿಬಿಟ್ಟಿದ್ದೆ. ಯಾವ ಚಕ್ರ, ರಾಡಿನ ಓಟ ಮೊದಲು ಎಷ್ಟಿತ್ತು, ಕೆಲಸವಾದ ಮೇಲೆ ಎಷ್ಟಾಯಿತು ಎಂದು ಬರೆಯಲೇಬೇಕಿತ್ತು. ಅಳೆಯಲು ಯಂತ್ರವೇನೂ ಬೇಡ. ಒಂದು ಸೀಮೆಸುಣ್ಣ, ಒಂದು ಸ್ಕೇಲು ಸಾಕು. ಚೇಂಬರಿನ ಬಾಯಿಯ ಹತ್ತಿರ ರಾಡಿಗೆ ಗುರುತು ಹಾಕಿ, ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಗುರುತು ಎಷ್ಟು ಹೊರಬಂತೆಂದು ಅಳೆದರಾಯಿತು. ಎಡ ಬಲಗಳ ಅಂಕಿ ಒಂದರ ಪಕ್ಕ ಒಂದು ಕೂತರೆ ಯಾರೂ ಕದ್ದು ಸಡಿಲಿಸಲು ಆಗುವುದಿಲ್ಲ. ಆರಂಭದಲ್ಲಿ ನಮ್ಮವರು ಗೊಣಗಿದರು. ಆಮೇಲೆ ಅವರಿಗೇ ಅದು ರಕ್ಷಣೆಯಾಯಿತು.

ಕಿಲೋಮೀಟರ್ ಲೆಕ್ಕದ ಡಾಕಿಂಗ್ ಬಗ್ಗೆಯೂ ಒಂದು ಮಾತು ಹೇಳಬೇಕು. ಡಾಕಿಂಗ್ 10,000 ಕಿಲೋಮೀಟರಿಗೆ ಒಮ್ಮೆ ಎಂದು ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ದಿನಕ್ಕೆ 500 ಕಿಲೋಮೀಟರ್ ಓಡುವ ಬೆಂಗಳೂರು ಬಸ್ಸು 20 ದಿನಕ್ಕೊಮ್ಮೆ ಪಿಟ್ಟಿಗೆ ಬರುತ್ತದೆ. ದಿನವಿಡೀ ತಿರುವುಗಳಲ್ಲಿ ತಿಣುಕಿ 180 ಕಿಲೋಮೀಟರ್ ಓಡುವ ನಿಮ್ಮ ಘಾಟಿ ಬಸ್ಸು 55 ದಿನ ಕಾಯುತ್ತದೆ. ಹೆಚ್ಚು ಬ್ರೇಕ್ ತಿನ್ನುವ ಬಸ್ಸೇ ಕಡಿಮೆ ಬಾರಿ ಬಿಚ್ಚಿಸಿಕೊಳ್ಳುತ್ತದೆ. ಆದ್ದರಿಂದ ಘಾಟಿ ಬಸ್ಸುಗಳಿಗೆ ಕಿಲೋಮೀಟರಿನ ಜೊತೆಗೆ ದಿನದ ಲೆಕ್ಕವನ್ನೂ ಇಡಿ. ಯಾವುದು ಮೊದಲು ಬರುತ್ತದೋ ಅದು. ಮೃಗಶಿರ ಮಳೆ ಹಿಡಿಯುವ ಮೊದಲು ಈ ನಾಲ್ಕೂ ಬಸ್ಸುಗಳ ಡ್ರಮ್ ಒಮ್ಮೆ ಬಿಚ್ಚಿರಬೇಕಿತ್ತು. ಈ ವರ್ಷ ತಡವಾಯಿತು, ಇರಲಿ, ವಾರಕ್ಕೊಂದರಂತೆ ಈಗಲಾದರೂ ಮುಗಿಸಿ.

ಉತ್ತರ 2: ಘಾಟಿ ಮಾರ್ಗದ ಚಾಲಕ

ಹೆಡ್ ಮೆಕ್ಯಾನಿಕ್ ಸಾಹೇಬರು ಬ್ರೇಕಿನ ವಿಷಯವನ್ನು ಪೂರ್ತಿ ಹೇಳಿದ್ದಾರೆ. ನೈಟ್ ಹಾಲ್ಟಿನ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ರಾತ್ರಿ ಆ ಬಸ್ಸಿನ ಜೊತೆ ಮಲಗುವವರು ನಾವು.

ಬೆಳಿಗ್ಗೆ ಎದ್ದು ನಾನು ಮೊದಲು ಮಾಡುವ ಕೆಲಸ ಏರ್ ಟ್ಯಾಂಕಿನ ನೀರು ಬಿಡುವುದು. ಮಳೆಗಾಲದ ನಮ್ಮ ಗಾಳಿಯೆಂದರೆ ಅರ್ಧ ನೀರೇ. ಕಂಪ್ರೆಸರ್ ಅದನ್ನೇ ಒತ್ತಿ ಟ್ಯಾಂಕಿಗೆ ತುಂಬಿಸುತ್ತದೆ. ರಾತ್ರಿಯ ತಂಪಿಗೆ ಆ ಆವಿ ನೀರಾಗಿ ತಳದಲ್ಲಿ ನಿಲ್ಲುತ್ತದೆ. ನೀರು ತಿಳಿಯಾಗಿ ಬಂದರೆ ಒಂದು ಮಾತು. ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿ ಜಿಗುಟಾಗಿ ಬಂದರೆ ಕಂಪ್ರೆಸರ್ ಆಯಿಲ್ ಎಸೆಯುತ್ತಿದೆ, ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ತನ್ನ ಕೆಲಸ ಬಿಟ್ಟಿದೆ ಎಂದು ಅರ್ಥ. ಇದನ್ನು ಒಮ್ಮೆ ಲಾಗ್‌ಶೀಟಿನಲ್ಲಿ ‘ಟ್ಯಾಂಕಿನಲ್ಲಿ ಕಾಫಿ’ ಎಂದೇ ಬರೆದು ಬೈಸಿಕೊಂಡಿದ್ದೇನೆ, ಆದರೆ ಅಂದು ರಾತ್ರಿಯೇ ಡ್ರೈಯರಿನ ಕಾರ್ಟ್ರಿಜ್ ಬದಲಾಯಿತು. ಸಂಜೆ ನಿಲ್ಲಿಸಿದಾಗ ಗಾಳಿಯ ಮುಳ್ಳು ಎಲ್ಲಿತ್ತು, ಬೆಳಿಗ್ಗೆ ಎಲ್ಲಿಗೆ ಇಳಿದಿದೆ ಎಂಬುದನ್ನೂ ಚಾಲಕರಿಂದ ಬರೆಸಿಕೊಳ್ಳಿ. ಇದು ನಿಮಗೆ ಪುಕ್ಕಟೆಯಾಗಿ ಸಿಗುವ ಸೋರಿಕೆ ಪರೀಕ್ಷೆ. ಘಟಕದೊಳಗೆ ಎಂಟು ಗಂಟೆ ಬಸ್ಸು ನಿಲ್ಲಿಸಿ ನೋಡುವ ಪುರುಸೊತ್ತು ನಿಮಗೆಲ್ಲಿದೆ?

ಎರಡನೆಯದು ಹುಲಿಕಲ್‌ನಲ್ಲಿ. ಚಂಡಿಕಾಂಬೆಯ ಗುಡಿಯ ಮುಂದೆ ನಿಲ್ಲಿಸಿ ಕೈ ಮುಗಿಯುವುದು ನಮ್ಮೆಲ್ಲರ ರೂಢಿ. ಕೆಳಗೆ ಹೊಸಂಗಡಿಯಲ್ಲಿ ನಿಲ್ಲಿಸಿದಾಗ ನನ್ನದು ಇನ್ನೊಂದು ಪ್ರದಕ್ಷಿಣೆ ಇರುತ್ತದೆ. ಒಂದೊಂದು ಚಕ್ರದ ಹತ್ತಿರವೂ ಕೈಯ ಹಿಂಭಾಗವನ್ನು ಹಿಡಿದು ಕಾವು ನೋಡುತ್ತೇನೆ, ಮುಟ್ಟುವುದಿಲ್ಲ, ಸುಡುತ್ತದೆ. ಎಲ್ಲರೂ ಹೆದರುವುದು ಹೆಚ್ಚು ಕಾದ ಚಕ್ರಕ್ಕೆ. ನಾನು ಹುಡುಕುವುದು ತಣ್ಣಗಿರುವ ಚಕ್ರವನ್ನು. ಘಾಟಿ ಇಳಿದ ಮೇಲೂ ತಣ್ಣಗಿರುವ ಚಕ್ರವೆಂದರೆ ಕೆಲಸ ಮಾಡದೆ ಸಂಬಳ ತೆಗೆದುಕೊಂಡ ಚಕ್ರ. ಅದರ ಪಾಲಿನ ಹೊರೆಯನ್ನು ಉಳಿದವು ಹೊತ್ತಿರುತ್ತವೆ. ‘ಬಲ ಮುಂದೆ ತಣ್ಣಗೆ’ ಎಂದು ಮೂರು ಪದ ಬರೆದು ಕಳಿಸಿದರೆ ನಿಮ್ಮ ಪಿಟ್ಟಿನ ಒಂದು ಗಂಟೆ ಉಳಿಯುತ್ತದೆ.

ಹೇಳಲೇಬೇಕಾದ ಇನ್ನೊಂದು ವಿಷಯ ಚಾಲಕರಾದ ನಮ್ಮದೇ ತಪ್ಪು. ಲೀಟರಿಗೆ ಎಷ್ಟು ಕಿಲೋಮೀಟರ್ ಕೊಟ್ಟರೆಂಬ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತೀರಿ. ಆ ಪಟ್ಟಿಗೆ ಹೆದರಿ ಕೆಲವರು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಾರೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಹಳಬರು ಕಲಿಸಿದ್ದನ್ನು ಮರೆತು ಪೂರ್ತಿ ಭಾರವನ್ನು ಲೈನರ್ ಮೇಲೆ ಹಾಕುತ್ತಾರೆ. ಗೇರಿನಲ್ಲಿ ಇಳಿಯುವಾಗ ಆಕ್ಸಿಲೇಟರ್ ಬಿಟ್ಟರೆ ಪಂಪು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಐಡ್ಲಿಂಗಿಗೆ ಡೀಸೆಲ್ ಸುಡುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಬ್ರೇಕೂ ಇಲ್ಲ. ಆ ನಾಲ್ಕು ಬಸ್ಸುಗಳನ್ನು ದಯವಿಟ್ಟು ಪಟ್ಟಿಯಿಂದ ಬೇರೆ ಮಾಡಿ. ಎಕ್ಸಾಸ್ಟ್ ಬ್ರೇಕಿನ (ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಬ್ರೇಕು) ಪರದೆ ಮಸಿ ಕಟ್ಟಿ ಅಲ್ಲಾಡದೆ ಕೂತಿದ್ದರೆ ಅದನ್ನೂ ಬಿಡಿಸಿಕೊಡಿ. ನಮ್ಮ ಘಟಕದಲ್ಲಿ ಅದರ ಸ್ವಿಚ್ಚು ಇದೆ ಎಂಬುದೇ ಹಲವರಿಗೆ ಮರೆತುಹೋಗಿದೆ. ಆಗುಂಬೆಯಲ್ಲಿ ಮಳೆಗಾಲದ ನಿರ್ಬಂಧ ಬಿದ್ದಾಗ ಭಾರಿ ವಾಹನಗಳು ಹುಲಿಕಲ್ ಕಡೆಗೆ ತಿರುಗುತ್ತವೆ. ಆಗ ಲಾರಿಯ ಹಿಂದೆ ಲಾರಿ ನಿಂತು, ಇಳಿಯುವ ದಾರಿಯುದ್ದಕ್ಕೂ ನಿಂತು ನಿಂತು ಹೋಗಬೇಕಾಗುತ್ತದೆ. ಆ ವಾರಗಳಲ್ಲಿ ಲೈನರ್ ತಿನ್ನುವುದೇ ಬೇರೆ.

ಉತ್ತರ 3: ಖಾಸಗಿ ಬಸ್ ಮಾಲೀಕ, ಹೊಸನಗರ ಕಡೆಯವರು

ನಮ್ಮಲ್ಲಿ ಲಾಗ್‌ಶೀಟೇ ಇಲ್ಲ, ಆದರೂ ಇಂಥ ದೂರು ಮೂರನೆಯ ಬಾರಿ ಬರುವುದಿಲ್ಲ. ಕಾರಣ ಇಷ್ಟೇ: ಒಂದು ಬಸ್ಸಿಗೆ ಒಬ್ಬನೇ ಡ್ರೈವರ್, ಒಂದು ಊರಿಗೆ ಒಬ್ಬನೇ ಮೇಸ್ತ್ರಿ. ಡ್ರೈವರ್ ಬೆಳಿಗ್ಗೆ ರಿಪೇರಿ ಮಾಡಿಸಿ ಸಂಜೆ ಬಂದು ‘ಆಗಿಲ್ಲ ಮಾರಾಯ’ ಎಂದು ಹೇಳುತ್ತಾನೆ. ನಿಮ್ಮಲ್ಲಿ ದೂರು ಬರೆದವನಿಗೆ ಮರುದಿನ ರಜೆ, ಬಸ್ಸು ಮತ್ತೊಬ್ಬನ ಕೈಗೆ. ಆ ನಾಲ್ಕು ಬಸ್ಸುಗಳಿಗಾದರೂ ಕಾಯಂ ಚಾಲಕರನ್ನು ಕೊಡಿಸಿ.

ಹೆಡ್ ಮೆಕ್ಯಾನಿಕ್ ಅವರ ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಬಿಚ್ಚಿಸಿ, ನಿಲ್ಲಿಸಿ ಎಂದು ಹೇಳುವುದು ಸುಲಭ. ಬೆಳಗಿನ ಆ ಬಸ್ಸು ಬಾರದಿದ್ದರೆ ಶಾಲೆ ಕಾಲೇಜಿನ ಮಕ್ಕಳು ಕಂಬಳಿಕೊಪ್ಪೆಯಂತೆ ಪ್ಲಾಸ್ಟಿಕ್ ಹೊದ್ದು ಎರಡು ಗಂಟೆ ನಿಲ್ಲುತ್ತಾರೆ. ಬೇರೆ ಬಸ್ಸು ಇಲ್ಲದ ಊರುಗಳವು.

ಪ್ರಶ್ನೆ ಕೇಳಿದವರಿಂದ, ಐದು ದಿನಗಳ ನಂತರ

ಮೂವರಿಗೂ ಧನ್ಯವಾದಗಳು. ಮರುದಿನ ರಾತ್ರಿ ಬಸ್ಸು ಘಟಕಕ್ಕೆ ಬಂದಾಗ ಮೊದಲು ನಾಲ್ಕೂ ಚಕ್ರಗಳಿಗೆ ಸೀಮೆಸುಣ್ಣದ ಗುರುತು ಹಾಕಿಸಿದೆ. ಮುಂದಿನ ಎರಡೂ ರಾಡುಗಳು ಹಿಂದಿನವುಗಳಿಗಿಂತ ಕಣ್ಣಿಗೆ ಕಾಣುವಷ್ಟು ಹೆಚ್ಚು ಹೊರಬಂದವು. ಬಲಗಡೆಯ ಡ್ರಮ್ ಬಿಚ್ಚಿದೆವು. ಸೀಲಿನ ತುಟಿ ಹರಿದಿತ್ತು. ಕೆಳಗಿನ ಲೈನರ್ ಕಪ್ಪಾಗಿ ಹೊಳೆಯುತ್ತಿತ್ತು, ಉಗುರಿನಿಂದ ಕೆರೆದರೆ ಗ್ರೀಸ್ ಬಂತು. ಎಡಗಡೆಯದನ್ನು ಸಡಿಲಿಸಿದ್ದು ಯಾರೆಂದು ನಾನು ಕೇಳಲಿಲ್ಲ, ಆದರೆ ಮಾಡಿದವರು ತಾವಾಗಿಯೇ ಬಂದು ಹೇಳಿದರು: ಆ ರಾತ್ರಿ ಬಸ್ಸು ಬಂದದ್ದು ಹನ್ನೊಂದೂವರೆಗೆ, ಹೊರಡಬೇಕಾದದ್ದು ಐದಕ್ಕೆ, ಸ್ಟೋರಿನಲ್ಲಿ ಲೈನರ್ ಇರಲಿಲ್ಲ. ಅವರನ್ನು ದೂರಲು ನನ್ನಲ್ಲಿ ಮಾತಿರಲಿಲ್ಲ. ಲೈನರ್ ಇಲ್ಲವೆಂದು ಅವರು ಬರೆದಿದ್ದರೆ ಸಹಿ ಹಾಕುವಾಗ ನಾನು ಏನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ.

ಬಸ್ಸನ್ನು ಒಂದು ದಿನ ನಿಲ್ಲಿಸಿದೆ. ಮಾಲೀಕರು ಎತ್ತಿದ ಮಾತು ತಲೆಯಲ್ಲಿದ್ದುದರಿಂದ ಬೆಳಗಿನ ಟ್ರಿಪ್ಪನ್ನು ರದ್ದು ಮಾಡಲಿಲ್ಲ. ಪೇಟೆಯೊಳಗೆ ಓಡುವ, ಘಾಟಿ ಹತ್ತದ ಬಸ್ಸೊಂದನ್ನು ಆ ಊರಿಗೆ ಕಳಿಸಿ, ಪೇಟೆಯ ಎರಡು ಮಧ್ಯಾಹ್ನದ ಟ್ರಿಪ್ಪುಗಳನ್ನು ಕೈಬಿಟ್ಟೆವು. ಫೋನ್ ಬಂತು. ಹರಿದ ಸೀಲಿನ ಚಿತ್ರ ಕಳಿಸಿದೆ, ಮತ್ತೆ ಬರಲಿಲ್ಲ.

ನೈಟ್ ಹಾಲ್ಟಿನ ಚಾಲಕರಿಗೆ ಒಂದು ಸಣ್ಣ ಚೀಟಿ ಮಾಡಿದ್ದೇನೆ: ಸಂಜೆಯ ಗಾಳಿ, ಬೆಳಗಿನ ಗಾಳಿ, ಟ್ಯಾಂಕಿನ ನೀರಿನ ಬಣ್ಣ, ತಣ್ಣಗಿರುವ ಚಕ್ರ. ಇಷ್ಟೇ. ಕಾಯಂ ಚಾಲಕರ ವಿಷಯ ನನ್ನ ಕೈಯಲ್ಲಿಲ್ಲ, ಘಟಕ ವ್ಯವಸ್ಥಾಪಕರ ಮುಂದೆ ಇಟ್ಟಿದ್ದೇನೆ. ಅಲ್ಲಿಯವರೆಗೆ, ದೂರು ಬರೆದ ಚಾಲಕರೇ ಆ ಬಸ್ಸನ್ನು ಘಾಟಿ ಇಳಿಸಿ ‘ಸರಿ ಇದೆ’ ಎಂದು ಬರೆಯುವ ತನಕ ದೂರನ್ನು ಕೆಂಪು ಶಾಯಿಯಲ್ಲೇ ಉಳಿಸುವುದೆಂದು ಮಾಡಿಕೊಂಡಿದ್ದೇವೆ. ಈಗ ಪುಸ್ತಕದಲ್ಲಿ ಏಳು ಕೆಂಪು ಸಾಲುಗಳಿವೆ.

ಉತ್ತರ 4: ನಿವೃತ್ತ ಹೆಡ್ ಮೆಕ್ಯಾನಿಕ್, ತೀರ್ಥಹಳ್ಳಿ

ಏಳು ಎಂದರೆ ಕಡಿಮೆಯೇ. ಒಂದು ಮಾತು ಸೇರಿಸುತ್ತೇನೆ: ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ಕೂರಲು ಕೆಲವು ದಿನ ಹಿಡಿಯುತ್ತದೆ, ಆದ್ದರಿಂದ ಮೊದಲ ವಾರ ಆ ಬಸ್ಸು ಘಟಕಕ್ಕೆ ಬಂದಾಗಲೆಲ್ಲ ರಾಡಿನ ಓಟವನ್ನು ಮತ್ತೆ ಅಳೆಯಿರಿ. ಸೀಲ್ ಹರಿದಿತ್ತೆಂದರೆ ಹಳ್ಳದ ನೀರೂ ಒಳಗೆ ಹೋಗಿರುತ್ತದೆ. ಬೇರಿಂಗಿನ ಗ್ರೀಸ್ ಬೆಳ್ಳಗಾಗಿತ್ತೇ, ನೋಡಿದಿರಾ?