ಪದವಿಯ ನಂತರದ ಬಿಡುವಿನ ವರ್ಷ: ಅಮೆರಿಕದ ವೈದ್ಯಕೀಯ ಶಾಲೆಯ ಅರ್ಜಿಗೆ ಯಾವುದು ಮೊದಲು?

ಪ್ರಶ್ನೆ (ಒಬ್ಬ ತಾಯಿ, ನ್ಯೂ ಜೆರ್ಸಿ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ಮೇ ತಿಂಗಳಲ್ಲಿ ಜೀವಶಾಸ್ತ್ರದಲ್ಲಿ ಪದವಿ ಮುಗಿಸಿದ್ದಾಳೆ. ವೈದ್ಯಳಾಗಬೇಕೆಂಬ ಹಂಬಲ ಗಟ್ಟಿಯಾಗಿದೆ, ಆದರೆ ಅರ್ಜಿಯನ್ನು ಇನ್ನೂ ಹಾಕಿಲ್ಲ. ಒಂದು ವರ್ಷ ಬಿಡುವು ಪಡೆದು ಮುಂದಿನ ಜೂನ್‌ನಲ್ಲಿ ಹಾಕಬೇಕೆಂದಿದ್ದಾಳೆ. ಅವಳ ಜಿಪಿಎ (4ಕ್ಕೆ ಲೆಕ್ಕ ಹಾಕುವ ಪದವಿಯ ಸರಾಸರಿ ಅಂಕ) 3.58, ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಅಂಕ 506. ಮೊದಲ ವರ್ಷದ ರಸಾಯನಶಾಸ್ತ್ರದಲ್ಲಿ ಹಿಂದೆ ಬಿದ್ದಿದ್ದಳು, ಕೊನೆಯ ಎರಡು ವರ್ಷಗಳ ಅಂಕಗಳು ಚೆನ್ನಾಗಿವೆ. ಒಂದು ಬೇಸಿಗೆಯಲ್ಲಿ ಆಸ್ಪತ್ರೆಯ ಸ್ವಾಗತ ಮೇಜಿನಲ್ಲಿ ಸ್ವಯಂಸೇವೆ ಮಾಡಿದ್ದಾಳೆ, ಒಬ್ಬ ಹೃದ್ರೋಗ ತಜ್ಞರ ಬಳಿ ಕೆಲವು ದಿನ ಶ್ಯಾಡೋಯಿಂಗ್ (ಜೊತೆಗಿದ್ದು ಕೆಲಸ ನೋಡುವುದು) ಮಾಡಿದ್ದಾಳೆ. ಅದಕ್ಕಿಂತ ಹೆಚ್ಚಿನ ಅನುಭವವಿಲ್ಲ.

ಈಗ ಮನೆಯಲ್ಲಿ ನಾಲ್ಕು ಮಾತುಗಳು ನಡೆಯುತ್ತಿವೆ: ಎಂಕ್ಯಾಟ್ ಮತ್ತೆ ಬರೆಯುವುದು, ಒಂದು ವರ್ಷದ ಸ್ನಾತಕೋತ್ತರ ಪದವಿ ಮಾಡುವುದು, ಯಾವುದಾದರೂ ಪ್ರಯೋಗಾಲಯ ಸೇರುವುದು, ಇಲ್ಲವೇ ಹಾಸನದಲ್ಲಿ ನನ್ನ ಅಣ್ಣನವರ ನರ್ಸಿಂಗ್ ಹೋಮ್‌ನಲ್ಲಿ ಆರು ತಿಂಗಳು ಇದ್ದು ಬರುವುದು. ಊರಿನವರು ಇದನ್ನು ನೀಟ್‌ಗೆ ಲಾಂಗ್ ಟರ್ಮ್ ಹೋದ ಹಾಗೆ ಎಂದುಕೊಂಡಿದ್ದಾರೆ. ಇಲ್ಲಿನ ವ್ಯವಸ್ಥೆ ಹಾಗಲ್ಲ ಎಂದು ನನಗೆ ತಿಳಿದಿದೆ, ಆದರೆ ಹೇಗೆ ಎನ್ನುವುದು ಪೂರ್ತಿ ಸ್ಪಷ್ಟವಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ರೆಸಿಡೆಂಟ್ ವೈದ್ಯ, ಷಿಕಾಗೊ)

ಮೇಡಂ, ನಮಸ್ಕಾರ. ಏನು ಮಾಡಬೇಕೆಂದು ಯೋಚಿಸುವ ಮೊದಲು ತಿಂಗಳುಗಳ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಎಂ.ಡಿ. ಶಾಲೆಗಳಿಗೆ ಒಟ್ಟಾಗಿ ಹಾಕುವ ಆಮ್ಕಾಸ್ ಅರ್ಜಿ ಮೇ ತಿಂಗಳ ಆರಂಭದಲ್ಲಿ ತೆರೆದುಕೊಳ್ಳುತ್ತದೆ. ಮೇ ಕೊನೆಯಿಂದ ಅಥವಾ ಜೂನ್ ಮೊದಲಿನಿಂದ ಅದನ್ನು ಸಲ್ಲಿಸಬಹುದು. ತರಗತಿಗಳು ಶುರುವಾಗುವುದು ಅದರ ಮರುವರ್ಷದ ಬೇಸಿಗೆಯ ಕೊನೆಗೆ. ಹಾಗಾಗಿ ಪದವಿ ಮುಗಿದಂದಿನಿಂದ ಶಾಲೆ ಸೇರುವವರೆಗೆ ನಿಮ್ಮ ಮಗಳ ಮುಂದಿರುವುದು ಒಂದು ವರ್ಷವಲ್ಲ, ಎರಡು ವರ್ಷಕ್ಕೂ ತುಸು ಹೆಚ್ಚು. ಇದು ಕೇಳಲು ಬೇಸರವೆನಿಸಿದರೂ ಅವಳಿಗೆ ಅನುಕೂಲವೇ ಆಗಿದೆ. ಪದವಿ ಮುಗಿದ ಜೂನ್‌ನಲ್ಲೇ ಅರ್ಜಿ ಹಾಕುವವರು ಬಿಡುವಿನ ವರ್ಷದಲ್ಲಿ ಎಷ್ಟೇ ದುಡಿದರೂ ಆ ಅರ್ಜಿಯಲ್ಲಿ ಅದು ‘ಮುಂದೆ ಮಾಡಲಿರುವ ಅಂದಾಜು ಗಂಟೆಗಳು’ ಎಂದಷ್ಟೇ ಕಾಣುತ್ತದೆ, ಮತ್ತು ಒಮ್ಮೆ ಸಲ್ಲಿಸಿದ ಮೇಲೆ ಹೊಸ ಚಟುವಟಿಕೆಯನ್ನು ಅದಕ್ಕೆ ಸೇರಿಸಲು ಬರುವುದಿಲ್ಲ. ನಂತರ ಪತ್ರ ಬರೆದು ತಿಳಿಸಬಹುದಾದರೂ ಅಂಥ ಪತ್ರಗಳನ್ನು ಕೆಲವು ಶಾಲೆಗಳು ಸ್ವೀಕರಿಸುವುದೇ ಇಲ್ಲ.

ಆದ್ದರಿಂದ ಈ ತಿಂಗಳು ಆರಂಭಿಸಿದ ಕೆಲಸಕ್ಕೂ ಮುಂದಿನ ಮಾರ್ಚ್‌ನಲ್ಲಿ ಆರಂಭಿಸುವ ಕೆಲಸಕ್ಕೂ ಅರ್ಜಿಯಲ್ಲಿ ತುಂಬಾ ವ್ಯತ್ಯಾಸವಿದೆ. ನಿಮ್ಮ ಮಗಳ ಅರ್ಜಿಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಅಂಕಗಳದ್ದಲ್ಲ, ರೋಗಿಗಳ ಹತ್ತಿರ ನಿಂತು ಮಾಡಿದ ಕೆಲಸದ್ದು. ಸ್ಕ್ರೈಬ್ ಆಗಿ ವೈದ್ಯರ ಪಕ್ಕದಲ್ಲಿ ಕೂತು ರೋಗಿಯ ದಾಖಲೆ ಬರೆಯುವುದು, ಕ್ಲಿನಿಕ್‌ನಲ್ಲಿ ಮೆಡಿಕಲ್ ಅಸಿಸ್ಟೆಂಟ್ ಆಗಿ ರಕ್ತದೊತ್ತಡ ನೋಡಿ ರೋಗಿಯನ್ನು ಒಳಗೆ ಕರೆತರುವುದು, ತರಬೇತಿ ಮುಗಿಸಿ ಆಂಬುಲೆನ್ಸ್‌ನಲ್ಲಿ ಇಎಂಟಿ (ತುರ್ತು ಚಿಕಿತ್ಸಾ ಸಹಾಯಕಿ) ಆಗುವುದು, ಇವೆಲ್ಲ ಸಂಬಳ ಕಡಿಮೆಯಿರುವ, ಆದರೆ ಬೆಲೆಯುಳ್ಳ ಕೆಲಸಗಳು. ಈ ಪೈಕಿ ಮೆಡಿಕಲ್ ಅಸಿಸ್ಟೆಂಟ್ ಕೆಲಸವೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಸ್ಕ್ರೈಬ್ ಆದವರು ವೈದ್ಯರ ಯೋಚನೆಯನ್ನು ಕಲಿಯುತ್ತಾರೆ, ರೋಗಿಯೊಡನೆ ಮಾತನಾಡುವುದು ಮಾತ್ರ ಕಡಿಮೆ. ಒಂದು ವರ್ಷವಾದರೂ ಇರುತ್ತೇನೆ ಎಂಬ ಭರವಸೆಯನ್ನು ಅನೇಕ ಕ್ಲಿನಿಕ್‌ಗಳು ಕೇಳುತ್ತವೆ. ನಿಮ್ಮ ಮಗಳಿಗೆ ಅದು ಅಡ್ಡಿಯಾಗದು.

ಉತ್ತರ 2 (ನಿವೃತ್ತ ಮಕ್ಕಳ ತಜ್ಞೆ, ಓಹಿಯೊ)

ನಾನು ಒಂದು ವೈದ್ಯಕೀಯ ಶಾಲೆಯಲ್ಲಿ ಅಭ್ಯರ್ಥಿಗಳನ್ನು ಸಂದರ್ಶಿಸುವ ಕೆಲಸ ಮಾಡಿದ್ದೇನೆ, ಹಾಗಾಗಿ ಹಾಸನದ ವಿಷಯವಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಊರಿನ ನರ್ಸಿಂಗ್ ಹೋಮ್‌ನಲ್ಲಿ ಸೋದರಮಾವ ಪ್ರೀತಿಯಿಂದ ‘ಬಾ ಮಗಳೇ, ಈ ಹೊಲಿಗೆ ನೀನೇ ಹಾಕು’ ಎಂದು ಹೇಳಿಬಿಡುತ್ತಾರೆ, ಹುಡುಗಿ ಅದನ್ನು ಸಾಹಸವೆಂದು ಅರ್ಜಿಯಲ್ಲಿ ಬರೆಯುತ್ತಾಳೆ. ಅರ್ಜಿ ಓದುವ ಪ್ರವೇಶ ಸಮಿತಿಗೆ ಅದು ಸಾಹಸವಾಗಿ ಕಾಣುವುದಿಲ್ಲ. ತರಬೇತಿಯೂ ಪರವಾನಗಿಯೂ ಇಲ್ಲದವಳು ಬಡ ರೋಗಿಯ ಮೈಮೇಲೆ ಕೈ ಪಳಗಿಸಿಕೊಂಡಳು ಎಂದು ಕಾಣುತ್ತದೆ. ವಿದೇಶದಲ್ಲಿ ಅನುಭವ ಪಡೆಯುವ ವಿದ್ಯಾರ್ಥಿಗಳು ತಮ್ಮ ತರಬೇತಿಯನ್ನು ಮೀರಿದ ಕೆಲಸಕ್ಕೆ ಕೈ ಹಾಕಬಾರದೆಂದು ವೈದ್ಯಕೀಯ ಕಾಲೇಜುಗಳ ಒಕ್ಕೂಟವಾದ ಎಎಎಂಸಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಅಲ್ಲಿ ಕೇವಲ ನಿಂತು ನೋಡಿ ಬರುವುದರಲ್ಲಿ ತಪ್ಪಿಲ್ಲ. ಆದರೆ ಸಮಿತಿಗೆ ಬೇಕಿರುವುದು ಇಲ್ಲಿನ ವೈದ್ಯವೃತ್ತಿಯನ್ನು, ಅಂದರೆ ವಿಮೆಯಿಲ್ಲದೆ ಔಷಧಿ ಬಿಟ್ಟವರನ್ನೂ ಬಡವರಿಗಾಗಿ ಇರುವ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ಕಾಗದಗಳಲ್ಲಿ ಸಿಕ್ಕಿಕೊಂಡವರನ್ನೂ, ಅವಳು ಹತ್ತಿರದಿಂದ ಕಂಡಿದ್ದಾಳೆ ಎಂಬುದಕ್ಕೆ ಸಾಕ್ಷಿ. ಸೋದರಮಾವನ ಶಿಫಾರಸು ಪತ್ರಕ್ಕಂತೂ ಇಲ್ಲಿ ಬೆಲೆಯಿಲ್ಲ.

ಕೆಲಸದ ಜೊತೆಗೆ ವಾರಕ್ಕೊಮ್ಮೆ ಒಂದೇ ಕಡೆ ತಪ್ಪದೆ ಹೋಗುವ ಸೇವೆಯೊಂದಿರಲಿ. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್ ಸಂಸ್ಥೆಗಳು ಸ್ವಯಂಸೇವಕರಿಗೆ ತರಬೇತಿ ಕೊಡುತ್ತವೆ, ಉಚಿತ ಕ್ಲಿನಿಕ್‌ಗಳಿಗೂ ಜನ ಬೇಕು. ನಿಮ್ಮ ನ್ಯೂ ಜೆರ್ಸಿಯ ಎಡಿಸನ್ ಊರಿನ ಸುತ್ತಮುತ್ತ ಭಾರತೀಯ ಮೂಲದ ಹಿರಿಯರ ಡೇ ಕೇರ್ ಕೇಂದ್ರಗಳಿವೆ. ಮನೆಮಾತು ಬಲ್ಲ ಹುಡುಗಿಯ ಜೊತೆ ಅಲ್ಲಿನ ಅಜ್ಜ ಅಜ್ಜಿಯರು ತಮ್ಮ ಕಾಯಿಲೆಯ ಬಗ್ಗೆ ಬಿಚ್ಚಿ ಮಾತನಾಡುತ್ತಾರೆ. ಹತ್ತು ಸಂಸ್ಥೆಗಳಲ್ಲಿ ಹತ್ತತ್ತು ಗಂಟೆ ಕಳೆದವರಿಗಿಂತ ಒಂದೇ ಕಡೆ ಒಂದು ವರ್ಷ ಇದ್ದವರ ಜೊತೆ ಸಂದರ್ಶನದಲ್ಲಿ ಮಾತು ಬೆಳೆಯುತ್ತದೆ. ಅರ್ಜಿಯಲ್ಲಿ 15 ಚಟುವಟಿಕೆಗಳಿಗೆ ಜಾಗವಿದೆ ಎಂದ ಮಾತ್ರಕ್ಕೆ ಹದಿನೈದನ್ನೂ ತುಂಬಿಸಬೇಕಿಲ್ಲ. ಅವುಗಳಲ್ಲಿ ಮೂರನ್ನು ಅತಿ ಮುಖ್ಯವೆಂದು ಆರಿಸಿ, 700 ಅಕ್ಷರಗಳ ಮಾಮೂಲಿ ವಿವರಣೆಯ ಮೇಲೆ ಇನ್ನೂ 1325 ಅಕ್ಷರಗಳಷ್ಟು ಬರೆಯಬಹುದು. ಓದುವವರ ಕಣ್ಣು ನಿಲ್ಲುವುದು ಆ ಮೂರರ ಮೇಲೆ.

ಸ್ವವಿವರದ ಪ್ರಬಂಧಕ್ಕೆ 5300 ಅಕ್ಷರಗಳ ಮಿತಿ. ಅಜ್ಜಿಯ ಕಾಯಿಲೆ ನೋಡಿ ವೈದ್ಯಳಾಗಲು ನಿರ್ಧರಿಸಿದೆ ಎಂಬ ಪ್ರಬಂಧಗಳನ್ನು ನಾನು ಸಾಕಷ್ಟು ಓದಿದ್ದೇನೆ. ಅಜ್ಜಿಯ ಬಗ್ಗೆ ಬರೆಯಬಾರದೆಂದಲ್ಲ. ಈ ವರ್ಷದ ಕೆಲಸದಲ್ಲಿ ಕಂಡ ರೋಗಿಯೊಬ್ಬರ ಬಗ್ಗೆ ಬರೆಯಲು ಏನಾದರೂ ದೊರೆತರೆ ಅದು ಅವಳದೇ ಆಗಿರುತ್ತದೆ.

ಉತ್ತರ 3 (ಒಬ್ಬ ತಂದೆ, ಟೆಕ್ಸಾಸ್)

ಒಂದು ವಿಷಯ ಕೇಳಬೇಕಿತ್ತು: ಮಗಳು ಯಾವ ವೀಸಾದಲ್ಲಿದ್ದಾಳೆ? ಎಚ್-4 ನಲ್ಲಿರುವ (ತಂದೆ ಅಥವಾ ತಾಯಿಯ ಕೆಲಸದ ವೀಸಾವನ್ನು ಅವಲಂಬಿಸಿದ) ಮಕ್ಕಳು 21 ತುಂಬಿದಾಗ ಆ ಸ್ಥಾನಮಾನ ಕಳೆದುಕೊಳ್ಳುತ್ತಾರೆ, ಅನೇಕ ಶಾಲೆಗಳು ಪ್ರಜೆಗಳನ್ನೂ ಗ್ರೀನ್ ಕಾರ್ಡ್ ಉಳ್ಳವರನ್ನೂ ಬಿಟ್ಟು ಬೇರೆಯವರ ಅರ್ಜಿಯನ್ನು ಪರಿಗಣಿಸುವುದೇ ಇಲ್ಲ. ವಾಸಸ್ಥಳವೂ ಮುಖ್ಯ. ನಮ್ಮ ಟೆಕ್ಸಾಸ್‌ನ ಸರ್ಕಾರಿ ವೈದ್ಯಕೀಯ ಶಾಲೆಗಳಲ್ಲಿ ಹೊರ ರಾಜ್ಯದವರಿಗೆ ಸಿಗುವ ಸೀಟುಗಳು ಶೇಕಡ 10ಕ್ಕೆ ಸೀಮಿತ, ಅರ್ಜಿಯ ವ್ಯವಸ್ಥೆಯೂ ಪ್ರತ್ಯೇಕ. ಕೆಲಸಕ್ಕಾಗಿ ಬೇರೆ ರಾಜ್ಯಕ್ಕೆ ಹೋಗುವುದಿದ್ದರೆ, ನ್ಯೂ ಜೆರ್ಸಿಯ ವಾಸಿ ಎಂಬ ಅರ್ಹತೆ ಉಳಿಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗ್ರೀನ್ ಕಾರ್ಡ್ ಇದೆ, ಆ ಚಿಂತೆಯಿಲ್ಲ. ಅಣ್ಣನಿಗೆ ಬೇಸರವಾಗದಂತೆ ಹಾಸನದ ಯೋಚನೆಯನ್ನು ಕೈಬಿಡುತ್ತೇವೆ. ಆದರೆ ಎಂಕ್ಯಾಟ್ ಮತ್ತು ಸ್ನಾತಕೋತ್ತರ ಪದವಿಯ ವಿಚಾರವನ್ನು ಯಾರೂ ಹೇಳಲಿಲ್ಲ. ಕೆಲಸದ ಜೊತೆ ಪರೀಕ್ಷೆಯೂ ಸಾಧ್ಯವೇ?

ಉತ್ತರ 4 (ರೆಸಿಡೆಂಟ್ ವೈದ್ಯ, ಷಿಕಾಗೊ)

ಸಾಧ್ಯ, ಮೇಡಂ, ವಾರಕ್ಕೆ ಮೂರು ನಾಲ್ಕು ದಿನದ ಕೆಲಸವಾದರೆ ಇನ್ನೂ ಸುಲಭ. ಪ್ರವೇಶ ಪಡೆದವರ ಎಂಕ್ಯಾಟ್ ಸರಾಸರಿ ಸುಮಾರು 511ರಿಂದ 512, ಜಿಪಿಎ ಸರಾಸರಿ 3.8ರ ಸಮೀಪ. ಇವೆರಡರಲ್ಲಿ ಮುಂದಿನ ಜೂನ್‌ನೊಳಗೆ ಬದಲಾಯಿಸಲು ಆಗುವುದು ಮೊದಲನೆಯದು. ಜಿಪಿಎ ಎಷ್ಟು ಜಗ್ಗದು ಎಂದು ಲೆಕ್ಕ ಹಾಕಿ ನೋಡಿ: 120 ಕ್ರೆಡಿಟ್‌ಗಳಲ್ಲಿ 3.58 ಇರುವವಳು ಇನ್ನೂ 30 ಕ್ರೆಡಿಟ್ ಪದವಿ ಮಟ್ಟದ ಕೋರ್ಸ್ ಮಾಡಿ ಎಲ್ಲದರಲ್ಲೂ ‘ಎ’ ತೆಗೆದರೂ ಅದು 3.66 ಆಗುತ್ತದೆ, ಅಷ್ಟೇ. ಸ್ನಾತಕೋತ್ತರ ಪದವಿಯ ಅಂಕಗಳು ಇದರಲ್ಲಿ ಸೇರುವುದೂ ಇಲ್ಲ, ಆಮ್ಕಾಸ್ ಅವನ್ನು ಬೇರೆಯಾಗಿಯೇ ತೋರಿಸುತ್ತದೆ. ಜಿಪಿಎ ತೀರಾ ಕೆಳಗಿದ್ದವರಿಗೆ ಆ ದಾರಿ ಸರಿ. ಕೊನೆಯ ವರ್ಷಗಳಲ್ಲಿ ಚೆನ್ನಾಗಿ ಓದಿದ ನಿಮ್ಮ ಮಗಳು ಅದಕ್ಕಾಗಿ ಹತ್ತಾರು ಸಾವಿರ ಡಾಲರ್ ಸಾಲ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಎಂಕ್ಯಾಟ್ ಅನ್ನು ಒಂದೇ ವರ್ಷದಲ್ಲಿ ಮೂರು ಬಾರಿ, ಜೀವಮಾನದಲ್ಲಿ ಏಳು ಬಾರಿ ಬರೆಯಬಹುದು. ಆದರೆ ಹಿಂದಿನ ಅಂಕಗಳೂ ಶಾಲೆಗಳಿಗೆ ಕಾಣುತ್ತವೆಯಾದ್ದರಿಂದ ಸುಮ್ಮನೆ ಪ್ರಯತ್ನಿಸಿ ನೋಡೋಣ ಎಂದು ಕೂರುವ ಪರೀಕ್ಷೆ ಇದಲ್ಲ. ನಾಲ್ಕು ವಿಭಾಗಗಳಲ್ಲಿ ಯಾವುದರಲ್ಲಿ ಅಂಕ ಹೋಗಿದೆ ನೋಡಿ. ಓದಿ ಅರ್ಥೈಸುವ ‘ಕಾರ್ಸ್’ ವಿಭಾಗದಲ್ಲಿ ಹೋಗಿದ್ದರೆ ಪಠ್ಯ ಮತ್ತೆ ಓದುವುದರಿಂದ ಪ್ರಯೋಜನವಿಲ್ಲ, ದಿನವೂ ಅಭ್ಯಾಸ ಬೇಕು. ಎಎಎಂಸಿಯ ಪೂರ್ಣ ಪ್ರಮಾಣದ ಅಭ್ಯಾಸ ಪರೀಕ್ಷೆಗಳಲ್ಲಿ ಸತತವಾಗಿ 511 ದಾಟಿದ ಮೇಲೆ ಬರೆಯಲಿ. ಫಲಿತಾಂಶಕ್ಕೆ ಸುಮಾರು ಒಂದು ತಿಂಗಳು ಬೇಕು, ಆದ್ದರಿಂದ ಏಪ್ರಿಲ್ ಒಳಗೆ ಬರೆದರೆ ಜೂನ್ ಆರಂಭದಲ್ಲಿ ಯಾವ ಯಾವ ಶಾಲೆಗಳಿಗೆ ಹಾಕಬಹುದೆಂದು ತಿಳಿದೇ ಅರ್ಜಿ ಹಾಕಬಹುದು. ಬಹುತೇಕ ಶಾಲೆಗಳು ಬಂದ ಅರ್ಜಿಗಳನ್ನು ಬಂದ ಹಾಗೆ ನೋಡುತ್ತಾ ಸಂದರ್ಶನದ ಕರೆ ಕಳಿಸುತ್ತವೆ. ತಡವಾದಷ್ಟೂ ಜಾಗ ಕಡಿಮೆ.

ಪಟ್ಟಿಯಲ್ಲಿ ನಿಮ್ಮ ರಾಜ್ಯದ ರಟ್ಗರ್ಸ್, ಕೂಪರ್, ಹ್ಯಾಕೆನ್‌ಸ್ಯಾಕ್ ಮೆರಿಡಿಯನ್ ಶಾಲೆಗಳ ಜೊತೆಗೆ ಡಿ.ಒ. ಪದವಿ ಕೊಡುವ ಆಸ್ಟಿಯೋಪಥಿ ಶಾಲೆಗಳೂ ಇರಲಿ. ನಿಮ್ಮ ರಾಜ್ಯದಲ್ಲೇ ರೋವನ್ ವಿಶ್ವವಿದ್ಯಾಲಯದ್ದಿದೆ. ಡಿ.ಒ. ಪದವಿಯೆಂದರೆ ನಮ್ಮ ಜನ ಮೂಗು ಮುರಿಯುತ್ತಾರೆ, ಆದರೆ ಇಲ್ಲಿ ಅವರಿಗೂ ಎಂ.ಡಿ.ಗಳಷ್ಟೇ ಪೂರ್ಣ ಪರವಾನಗಿ ಸಿಗುತ್ತದೆ, 2020ರಿಂದ ಇಬ್ಬರ ರೆಸಿಡೆನ್ಸಿ (ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ) ತರಬೇತಿಗೂ ಮಾನ್ಯತೆ ಕೊಡುವ ವ್ಯವಸ್ಥೆ ಒಂದೇ.

ಶಿಫಾರಸು ಪತ್ರ ಕೇಳಿ ಪ್ರಾಧ್ಯಾಪಕರಿಗೆ ಮಾತ್ರ ಈ ವಾರವೇ ಬರೆಯಲು ಮಗಳಿಗೆ ಹೇಳಿ. ವಿಜ್ಞಾನದ ಪ್ರಾಧ್ಯಾಪಕರು ಇನ್ನೊಂದು ವರ್ಷ ಕಳೆದರೆ ಅವಳ ಮುಖ ಮರೆತಿರುತ್ತಾರೆ. ವೈದ್ಯಕೀಯಕ್ಕೆ ಹೋಗುವವರಿಗೆ ಸಲಹೆ ಕೊಡುವ ಅವಳ ವಿಶ್ವವಿದ್ಯಾಲಯದ ಪ್ರಿಮೆಡ್ ಕಚೇರಿ, ಹಳೆಯ ವಿದ್ಯಾರ್ಥಿಗಳಿಗೂ ಸಮಿತಿಯ ಪತ್ರ (ವಿಶ್ವವಿದ್ಯಾಲಯದ ಪರವಾಗಿ ಬರೆಯುವ ಶಿಫಾರಸು) ಕೊಡುತ್ತದೆಯೇ ಎಂದೂ ಕೇಳಲಿ. ಕೊಡುವ ಕಡೆಗಳಲ್ಲಿ ಅದರ ಗಡುವು ಎಷ್ಟೋ ಸಲ ಚಳಿಗಾಲದಲ್ಲೇ ಮುಗಿದುಹೋಗುತ್ತದೆ.